ಅರವತ್ತನಾಲ್ಕು ಕಾಲೇಜುಗಳ ಕರೆಯೋಲೆ

ಚಾಮರಾಜಪೇಟೆಯ ಪ್ರೆಸ್ಸು ಪರಮಶಿವಯ್ಯನವರ ಕೈಯಲ್ಲಿ ಅಚ್ಚಾದ ಲಗ್ನಪತ್ರಿಕೆಯಿಂದ ಇದುವರೆಗೆ ಒಂದು ಮನೆಯೂ ಒಡೆದಿಲ್ಲ. ಮದುವೆಗಳು ಮುರಿದಿರಬಹುದು, ಅದು ಬೇರೆ ಇಲಾಖೆ. ಆದರೆ ನನ್ನ ಹೆಸರನ್ನು ಅವನ ಹೆಸರಿನ ಕೆಳಗೆ ಹಾಕಿದ್ದಾರೆ ಎಂದು ಯಾವ ದೊಡ್ಡಪ್ಪನೂ ಛತ್ರದ ಬಾಗಿಲಿನಿಂದ ಊಟ ಮಾಡದೆ ಹಿಂದಿರುಗಿದ ಉದಾಹರಣೆ ಮೂವತ್ತೆಂಟು ವರ್ಷದಲ್ಲಿ ಇಲ್ಲ. ಒಮ್ಮೆ ಒಂದು ಮನೆಯವರ ಮೂವರು ಸೋದರಮಾವಂದಿರು ನಾನು ಹಿರಿಯ, ನಾನು ಹಿರಿಯ ಎಂದು ಪಟ್ಟು ಹಿಡಿದಿದ್ದರು. ಪರಮಶಿವಯ್ಯನವರು ಮೂವರ ಹೆಸರನ್ನೂ ಗಣಪತಿಯ ಸುತ್ತ ದುಂಡಗೆ ಹಾಕಿ, ಎಲ್ಲಿಂದ ಶುರು ಎಂಬುದು ಯಾರಿಗೂ ಗೊತ್ತಾಗದಂತೆ ಮಾಡಿ ಕಳಿಸಿದರು. ಅದನ್ನು ಓದಬೇಕಾದವರು ಪತ್ರಿಕೆಯನ್ನು ಬಸ್ಸಿನ ಸ್ಟೇರಿಂಗಿನಂತೆ ತಿರುಗಿಸಬೇಕಾಗಿತ್ತು. ಇರಲಿ. ಮೂವರು ಮಾವಂದಿರೂ ಊಟ ಮಾಡಿಕೊಂಡೇ ಹೋದರು.

ಇಂಥ ಮನುಷ್ಯನಿಗೆ ಅವರ ಸ್ವಂತ ಮಗಳು ಕ್ರಮದ ವಿಷಯದಲ್ಲಿ ಬುದ್ಧಿ ಹೇಳಿದಳು. ಅಲ್ಲಿಂದ ಎಲ್ಲ ಶುರುವಾಯಿತು.

ಮಗಳು ಐಶ್ವರ್ಯಾಗೆ ವೆಟರ್ನರಿ ಓದಬೇಕೆಂದು ಎಂಟನೇ ಕ್ಲಾಸಿನಿಂದ ಆಸೆ. ಅವರ ಮನೆಯ ಹಿಂದಿನ ಗಲ್ಲಿಯಲ್ಲಿ ಅಂಜಮ್ಮ ಎಂಬಾಕೆ ನಾಲ್ಕು ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ಹುಡುಗಿ ಅಲ್ಲೇ ಬಿದ್ದಿರುತ್ತಿದ್ದಳು. ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯ ಹಿಂದಿನ ದಿನ ಅಡ್ಡ ಸಿಕ್ಕಿಕೊಂಡ ಕರುವನ್ನು ಈಚೆ ಎಳೆಯುವುದಕ್ಕೆ ಅಂಜಮ್ಮನಿಗೆ ಕೈಜೋಡಿಸಿ, ಮೊಣಕೈವರೆಗೆ ಏನೇನೋ ಮೆತ್ತಿಕೊಂಡು ಮನೆಗೆ ಬಂದು, "ಬದುಕ್ತು ಅಮ್ಮ" ಎಂದು ಹೇಳಿ ನಿಂತಲ್ಲೇ ಅತ್ತಿದ್ದಳು. ತಾಯಿ ಶೈಲಜಮ್ಮ ಅವಳನ್ನು ಹಿತ್ತಲಿನಲ್ಲೇ ನಿಲ್ಲಿಸಿ ಎರಡು ಬಕೆಟ್ ನೀರು ಸುರಿದು ಒಳಗೆ ಕರೆದುಕೊಂಡರು. ಆಮೇಲೆ ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ನೆಂಟರಿಷ್ಟರೆಲ್ಲ ಸೇರಿ ಒಂದು ತಿಂಗಳು ಚರ್ಚೆ ಮಾಡಿದ್ದೂ, ಡಾಕ್ಟರಾಗಲಿ, ಆದರೆ ಮನುಷ್ಯರಿಗೆ ಆಗಲಿ ಎಂದು ಎಲ್ಲರೂ ಹೇಳಿದ್ದೂ ನಡೆಯಿತು. ಹುಡುಗಿ ಯಾರಿಗೂ ಎದುರು ಮಾತಾಡದೆ ಎರಡು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓದಿದಳು. ಸಿಇಟಿಯಲ್ಲಿ ವೆಟರ್ನರಿಗೆ ನಾನೂರ ಹನ್ನೆರಡನೇ ರ‍್ಯಾಂಕು ಬಂತು. ಇಂಜಿನಿಯರಿಂಗಿಗೆ ಐವತ್ತೆಂಟು ಸಾವಿರ ಚಿಲ್ಲರೆ ಬಂತು. ಅದನ್ನು ಯಾರೂ ಕೇಳಿರಲಿಲ್ಲ, ಸುಮ್ಮನೆ ಬಂತು.

ಇನ್ನುಳಿದದ್ದು ಆಪ್ಷನ್ ಎಂಟ್ರಿ. ಯಾವ ಕಾಲೇಜಿನಲ್ಲಿ ಯಾವ ಕೋರ್ಸು ಬೇಕೆಂದು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ತುಂಬಬೇಕು. ಎಷ್ಟು ಬೇಕಾದರೂ ತುಂಬಬಹುದು. ಸರಿಯಾಗಿ ಅದೇ ವಾರ ಐಶ್ವರ್ಯಾಗೆ ಮದ್ರಾಸ್ ಐ ಬಂತು. ಎರಡು ಕಣ್ಣೂ ಕೆಂಡದಂತಾಗಿ, ಐದು ದಿನ ಮೊಬೈಲು, ಕಂಪ್ಯೂಟರು ಯಾವುದನ್ನೂ ನೋಡಕೂಡದೆಂದು ಡಾಕ್ಟರು ಹೇಳಿದರು. ಹುಡುಗಿ ಕಪ್ಪು ಕನ್ನಡಕ ಹಾಕಿಕೊಂಡು ರೂಮಿನಲ್ಲಿ ಕೂತಳು. ಅವಳ ಕಣ್ಣನ್ನು ನೋಡಿದರೆ ತಮಗೂ ಬರುತ್ತದೆಂದು ಮನೆಯವರೆಲ್ಲ ಗೋಡೆಯ ಕಡೆ ನೋಡಿಕೊಂಡು ಅವಳ ಹತ್ತಿರ ಮಾತಾಡತೊಡಗಿದರು.

"ಅಪ್ಪ, ನೀವೇ ತುಂಬ್ಬಿಡಿ. ಐದೇ ಐದು," ಎಂದಳು ಐಶ್ವರ್ಯಾ. "ಒಂದನೇದು ಹೆಬ್ಬಾಳ. ಆಮೇಲೆ ಹಾಸನ, ಶಿವಮೊಗ್ಗ, ಗದಗ, ಬೀದರ್. ಎಲ್ಲಾ ವೆಟರ್ನರಿ. ಬರ್ಕೊಂಡ್ರಾ?"

"ಬರ್ಕೊಂಡೆ," ಎಂದರು ಪರಮಶಿವಯ್ಯ, ಕ್ಯಾಲೆಂಡರಿನ ಕಡೆ ನೋಡುತ್ತ.

"ಇದೇ ಕ್ರಮದಲ್ಲಿ ಹಾಕ್ಬೇಕು ಅಪ್ಪ. ಕ್ರಮ ಒಂಚೂರೂ ತಪ್ಪಬಾರ್ದು."

ಪರಮಶಿವಯ್ಯ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. "ಕ್ರಮ," ಎಂದರು. "ನನಗೆ." ಇಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಪ್ರೆಸ್ಸಿಗೆ ಹೊರಟರು.

ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುವವನು ಪ್ರಸನ್ನ. ನಲವತ್ತೇಳು ವರ್ಷ ವಯಸ್ಸು. ಇಪ್ಪತ್ತೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಕರ್ನಾಟಕದ ಅರ್ಧ ಮದುವೆಗಳನ್ನು ಟೈಪು ಮಾಡಿದ್ದಾನೆ. ಅವನು ಚೀಟಿ ನೋಡಿ, "ಹೆಬ್ಬಾಳ ಒಂದನೇದು ಹಾಕ್ಲಾ ಸಾರ್?" ಎಂದ.

"ತಡಿ. ಮೊದಲನೇ ಸಾಲಿಗೇ ನಮಗೆ ಬೇಕಾದ್ದನ್ನ ಬರೆದ್ರೆ ಓದಿದೋರು ಏನಂತಾರೆ? ಈ ಮನೆಯೋರಿಗೆ ಹಿಂದೆಮುಂದೆ ಯಾರೂ ಇಲ್ಲ ಅಂತಾರೆ."

"ಕಂಪ್ಯೂಟರ್ ಓದೋದು ಸಾರ್."

"ಕಂಪ್ಯೂಟರ್ ಹಿಂದೆ ಒಬ್ಬ ಆಫೀಸರ್ ಕೂತಿರ್ತಾನೆ. ಅವನಿಗೂ ಸೋದರಮಾವ ಇರ್ತಾನೆ."

ಪ್ರಸನ್ನ ಕುರ್ಚಿ ಇತ್ತ ತಿರುಗಿಸಿದ. "ಮೇಲಿಂದ ಕೆಳಕ್ಕೆ ಕೊಡ್ಕೊಂಡ್ ಬರ್ತಾರಂತೆ ಸಾರ್. ಮೇಲಿರೋದು ಸಿಕ್ಬಿಟ್ರೆ ಕೆಳಗಿಂದು ನೋಡೋದೇ ಇಲ್ವಂತೆ. ನನ್ ತಂಗಿ ಮಗನಿಗೆ ಹಂಗೇ ಆಯ್ತು."

"ಪ್ರಸನ್ನ, ಪತ್ರಿಕೇಲಿ ಮೊದಲು ಯಾರ ಹೆಸರಿರುತ್ತೆ?"

"ಸ್ವಾಮಿಗಳದ್ದು."

"ಹಾಗಂತ ಸ್ವಾಮಿಗಳೇ ಬಂದು ತಾಳಿ ಕಟ್ತಾರಾ?"

ಇಪ್ಪತ್ತೊಂದು ವರ್ಷದ ಸರ್ವೀಸಿನಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದನ್ನು ಪ್ರಸನ್ನ ಕಲಿತಿದ್ದ. ಅವನು ಕೀಬೋರ್ಡಿನ ಮೇಲೆ ಕೈಯಿಟ್ಟ.

ಪರಮಶಿವಯ್ಯನವರ ಲೆಕ್ಕಾಚಾರ ಸರಳವಾಗಿತ್ತು. ಮೇಲೆ ಗುರುಗಳು. ಆದ್ದರಿಂದ ಒಂದನೆಯ ಆಪ್ಷನ್ ಅವರ ಮಠದವರು ನಡೆಸುವ ಇಂಜಿನಿಯರಿಂಗ್ ಕಾಲೇಜು. ಗುರುಗಳ ಕೆಳಗೆ ಹಿರಿಯರು ಹೇಳಿದ ಕಾಲೇಜುಗಳು. ನಡುವೆ, ವಧೂವರರ ಹೆಸರು ಬರುವ ಜಾಗದಲ್ಲಿ, ಹೆಬ್ಬಾಳ ಮತ್ತು ಉಳಿದ ನಾಲ್ಕು. ಅದರ ಕೆಳಗೆ ಸುಖಾಗಮನ ಬಯಸುವವರು, ಅಂದರೆ ನೆರೆಹೊರೆ, ಸ್ನೇಹಿತರು. ಓದುತ್ತ ಬಂದ ಆಫೀಸರು ನಡುವೆ ತಲುಪಿದಾಗ, ಓಹೋ, ಹುಡುಗಿಗೆ ಬೇಕಾದದ್ದು ಇದು, ಮೇಲಿನವರೆಲ್ಲ ಮರ್ಯಾದೆಗೆ ಎಂದು ಅವನಿಗೇ ಗೊತ್ತಾಗುತ್ತದೆ. ನಡುವಿನದನ್ನು ದಪ್ಪಕ್ಷರದಲ್ಲಿ ಹಾಕುವ ಸೌಕರ್ಯ ಆ ವೆಬ್‌ಸೈಟಿನಲ್ಲಿ ಇರಲಿಲ್ಲ. ಇದು ಅವರ ಮನಸ್ಸಿಗೆ ಸ್ವಲ್ಪ ಬೇಸರ ತಂದಿತು.

ಮಠದ ಕಾಲೇಜಿನ ಹೆಸರನ್ನು ಒತ್ತಿದಾಗ ಯಾವ ಬ್ರಾಂಚು ಎಂದು ಕಂಪ್ಯೂಟರು ಕೇಳಿತು. ಪಟ್ಟಿಯಲ್ಲಿ ಸಿರಾಮಿಕ್ಸ್ ಅಂಡ್ ಸಿಮೆಂಟ್ ಟೆಕ್ನಾಲಜಿ ಎಂದೊಂದು ಕಂಡಿತು. ಶೈಲಜಮ್ಮನವರ ತಮ್ಮ ಬಸವಪ್ರಭು ಆ ಕಾಲೇಜಿನ ಕಮಿಟಿ ಮೆಂಬರು. ಅಕ್ಕಿಪೇಟೆಯ ಹತ್ತಿರ ಸಿಮೆಂಟು, ಕಬ್ಬಿಣದ ಹೋಲ್‌ಸೇಲ್ ಅಂಗಡಿ ಬೇರೆ ಇಟ್ಟಿದ್ದರು. ಬಾಮೈದನಿಗೂ ಗೌರವವಾಯಿತು ಎಂದು ಪರಮಶಿವಯ್ಯ ಅದನ್ನೇ ಒತ್ತಿಸಿದರು. ಒಟ್ಟು ಇಪ್ಪತ್ತೇಳು ಆಪ್ಷನ್ ಆಯಿತು. ಹೆಬ್ಬಾಳ ಹದಿನಾಲ್ಕನೆಯದು.

ಇಲ್ಲಿಗೆ ಸುಮ್ಮನಿದ್ದಿದ್ದರೆ ವಿಷಯ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೇಳು ಹೆಸರು ಒಂದರ ಕೆಳಗೊಂದು ಅಷ್ಟು ಅಚ್ಚುಕಟ್ಟಾಗಿ ಕೂತಿರುವುದನ್ನು ನೋಡಿ ಅಚ್ಚು ಹಾಕದೆ ಬಿಡುವುದು ಅಚ್ಚಿನವನಿಗೆ ಆಗುವ ಮಾತಲ್ಲ. ಯಾವುದೋ ಮದುವೆಯ ಮಿಕ್ಕ ಕೆನೆಬಣ್ಣದ ಕಾರ್ಡು ಇತ್ತು. ಮೇಲೆ ಶಿವಲಿಂಗದ ಚಿತ್ರ, ಅದರ ಕೆಳಗೆ "ಚಿ|| ಸೌ|| ಐಶ್ವರ್ಯಾಳ ಸಿಇಟಿ ಆಪ್ಷನ್‌ಗಳು", ಸುತ್ತ ಬಂಗಾರದ ಅಂಚು. ಮೂವತ್ತು ಪ್ರತಿ ತೆಗೆಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಬೇಕಾದವರಿಗೆಲ್ಲ ಹಂಚಿದರು.

ಮಾರನೆಯ ದಿನ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಮೊದಲ ಪರಿಣಾಮ ಕಾಣಿಸಿತು. ಮಾವಳ್ಳಿಯ ರಾಮಾಂಜಿನಪ್ಪನವರು ಪರಮಶಿವಯ್ಯನವರ ಹನ್ನೊಂದು ವರ್ಷದ ವಾಕಿಂಗ್ ಸ್ನೇಹಿತರು. ಜಮೀನು, ಸೈಟು ವ್ಯವಹಾರ. ಕನಕಪುರ ರಸ್ತೆಯಲ್ಲಿದ್ದ ಅವರ ತಂದೆಯ ರಾಗಿ ಹೊಲದಲ್ಲಿ ಈಗ ಒಂದು ಇಂಜಿನಿಯರಿಂಗ್ ಕಾಲೇಜು ನಿಂತಿದೆ. ಅದನ್ನು ಅವರು ನಮ್ಮ ಕಾಲೇಜು ಎನ್ನುತ್ತಾರೆ. ಆ ದಿನ ರಾಮಾಂಜಿನಪ್ಪನವರು ಮಾತಿಲ್ಲದೆ ಹತ್ತು ಹೆಜ್ಜೆ ಮುಂದೆಯೇ ನಡೆದರು. ಪರಮಶಿವಯ್ಯ ಜೋರಾಗಿ ನಡೆದರೆ ಅವರೂ ಜೋರಾಗಿ ನಡೆದರು, ನಿಂತರೆ ನಿಂತರು. ಕೊನೆಗೆ ಬಂಡೆಯ ಹತ್ತಿರ ಒಂದು ಮರದ ಎದುರು ನಿಂತು, "ಹತ್ತೊಂಬತ್ತು," ಎಂದು ಆ ಮರಕ್ಕೆ ಹೇಳಿದರು.

"ಏನ್ ರಾಮಾಂಜಿನಪ್ಪನೋರೆ?"

"ಹತ್ತೊಂಬತ್ನೇದು ಸ್ವಾಮಿ ನಮ್ದು. ದನದ್ ಕಾಲೇಜಿಗಿಂತ ಕೆಳಗೆ. ನಮ್ಮಪ್ಪ ಅಲ್ಲಿ ರಾಗಿ ಬೆಳೀತಿದ್ದ. ಆ ದನಾನೂ ನಮ್ ಹೊಲಕ್ಕೇ ಬರ್ತಿದ್ವು ಮೇಯೋಕೆ."

"ನೀವು ಸುಖಾಗಮನ ಬಯಸೋರಲ್ಲಿ ಮೊದಲನೇವ್ರು. ಅದು ಗೌರವದ ಜಾಗ."

"ಸುಖಾಗಮನ ಬಯಸ್ದೋರು ಬಾಗ್ಲಲ್ಲಿ ನಿಂತ್ಕೊಂಡು ಪನ್ನೀರು ಚಿಮುಕಿಸ್ತಾರೆ. ನನ್ನ ನೀವು ಅಲ್ಲಿಗೆ ತಂದ್ರಾ?" ಎಂದು ಕೇಳಿ ರಾಮಾಂಜಿನಪ್ಪನವರು ಬೇರೆ ಗೇಟಿನಿಂದ ಹೊರಟುಹೋದರು.

ಮನೆಗೆ ಬಂದರೆ ಮಹಡಿಯ ಮೇಲಿನ ಬಾಡಿಗೆದಾರರಾದ ಬದರೀನಾರಾಯಣ ಮೇಷ್ಟ್ರು ಜಗುಲಿಯಲ್ಲಿ ಕಾಯುತ್ತಿದ್ದರು. ನಿವೃತ್ತ ಫಿಸಿಕ್ಸ್ ಲೆಕ್ಚರರು. ಎದುರಿಗೇ ಸಿಕ್ಕಿದರೂ ಬರವಣಿಗೆಯಲ್ಲೇ ವ್ಯವಹರಿಸುವುದು ಅವರ ಪದ್ಧತಿ. ಕೈಯಲ್ಲಿ ಒಂದು ಅರ್ಜಿಯಿತ್ತು. ತಮ್ಮ ಅಳಿಯ ವಿಭಾಗ ಮುಖ್ಯಸ್ಥರಾಗಿರುವ ಕಾಲೇಜನ್ನು ಪಟ್ಟಿಯಲ್ಲಿ ಸಂಪೂರ್ಣವಾಗಿ ಕೈಬಿಟ್ಟಿರುವುದು ಕಣ್ತಪ್ಪೋ, ಉದ್ದೇಶಪೂರ್ವಕವೋ ತಿಳಿಸಬೇಕೆಂದು ಅದರಲ್ಲಿ ಕೋರಿದ್ದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ಮಲ್ಲೇಶ್ವರದಿಂದ ಅಕ್ಕ ಹಂಸಾ ಫೋನು ಮಾಡಿ, "ನಮ್ಮ ಕಡೆಯೋರದ್ದು ಒಂದೂ ಇಲ್ವಲ್ಲೋ ಪರಮೇಶಿ. ನಾನು ಆ ಮನೇಲಿ ಹುಟ್ಟಿದೋಳೋ ಅಲ್ವೋ ಅದನ್ನಾದ್ರೂ ಹೇಳು," ಎಂದರು. ಸಾಯಂಕಾಲದ ಹೊತ್ತಿಗೆ ಫೋನು ಇಡುವುದಕ್ಕೇ ಆಗಲಿಲ್ಲ. ಜನ್ಮದಲ್ಲಿ ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಅವರವರದೇ ಒಂದು ಕಾಲೇಜು ಇತ್ತು.

ಪರಮಶಿವಯ್ಯನವರು ಇಂಥವನ್ನು ನೂರು ಕಂಡವರು. ಪ್ರೆಸ್ಸಿಗೆ ಹೋಗಿ ಎಲ್ಲರನ್ನೂ ಸೇರಿಸಿದರು. ಯಾರನ್ನೂ ಬಿಡಲಿಲ್ಲ. ರಾಮಾಂಜಿನಪ್ಪನವರು ನಾಲ್ಕಕ್ಕೆ ಏರಿದರು, ಮೇಷ್ಟ್ರ ಅಳಿಯ ಆರಕ್ಕೆ ಬಂದರು, ಹಂಸಕ್ಕನ ಕಡೆಯವರಿಗೆ ಒಟ್ಟಾಗಿ ಹನ್ನೊಂದು ಸ್ಥಾನ ಸಿಕ್ಕಿತು. ಪಟ್ಟಿ ಅರವತ್ತನಾಲ್ಕಕ್ಕೆ ನಿಂತಿತು. ಹೆಬ್ಬಾಳ ನಲವತ್ತೊಂದನೆಯದಾಯಿತು. ಎರಡನೆಯ ಮುದ್ರಣ ಹೊರಬಂತು. ಲಾಲ್‌ಬಾಗಿನಲ್ಲಿ ರಾಮಾಂಜಿನಪ್ಪನವರು ಮತ್ತೆ ಪಕ್ಕದಲ್ಲಿ ನಡೆಯತೊಡಗಿದರು.

"ಹಾಕಿದ್ರಾ ಅಪ್ಪ?" ಎಂದು ರೂಮಿನೊಳಗಿನಿಂದ ಐಶ್ವರ್ಯಾ ಕೇಳಿದಳು.

"ಹಾಕಿದೀನಿ. ಒಬ್ಬರೂ ಬೇಜಾರು ಮಾಡ್ಕೊಳೋ ಹಾಗಿಲ್ಲ."

ಇದರಲ್ಲಿ ಬೇಜಾರು ಮಾಡಿಕೊಳ್ಳುವುದಕ್ಕೆ ಯಾರಿದ್ದಾರೆ ಎಂದು ಹುಡುಗಿಗೆ ಅರ್ಥವಾಗಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡು ಮಲಗಿದಳು.

ನಿಜವಾದ ಸೀಟು ಹಂಚುವ ಮೊದಲು ಒಂದು ಮಾಕ್ ಅಲಾಟ್‌ಮೆಂಟ್ ಮಾಡುತ್ತಾರೆ. ಈಗಿರುವ ಪಟ್ಟಿಯ ಪ್ರಕಾರವಾದರೆ ನಿಮಗೆ ಸಿಗುವುದು ಇದು ಎಂದು ತೋರಿಸಿ, ತಿದ್ದಿಕೊಳ್ಳುವುದಿದ್ದರೆ ತಿದ್ದಿಕೊಳ್ಳಿ ಎಂದು ಎರಡು ದಿನ ಬಿಡುತ್ತಾರೆ. ಅದು ಬಂದದ್ದು ಗುರುವಾರ ಸಾಯಂಕಾಲ. ಐಶ್ವರ್ಯಾಳ ಕಣ್ಣು ಅಂದೇ ತಿಳಿಯಾಗಿತ್ತು. ವಾರದ ನಂತರ ಮೊಬೈಲು ಹಿಡಿದು ನೋಡಿದಳು. ನೋಡಿ, ಕಣ್ಣು ಇನ್ನೂ ಸರಿಯಾಗಿಲ್ಲವೇನೋ ಎಂದು ಉಜ್ಜಿಕೊಂಡು ಮತ್ತೆ ನೋಡಿದಳು.

"ಅಪ್ಪ, ಇದ್ಯಾವುದಿದು ಸಿರಾಮಿಕ್ಸ್ ಅಂಡ್ ಸಿಮೆಂಟ್?"

"ಅದು ಗುರುಗಳದ್ದು," ಎಂದರು ಪರಮಶಿವಯ್ಯ.

ಅಷ್ಟರಲ್ಲಿ ಬಸವಪ್ರಭು ಪೇಡದ ಬಾಕ್ಸು ಹಿಡಿದುಕೊಂಡು ಒಳಗೆ ಬಂದರು. ಸುದ್ದಿ ಕಮಿಟಿಯವರಿಗೆ ಆಗಲೇ ತಲುಪಿತ್ತಂತೆ. "ಭಾವ, ಕಮಿಟೀಲಿ ಇಪ್ಪತ್ತು ಜನ ಮೆಂಬರ್ಸ್ ಇದೀವಿ. ಒಬ್ಬನ ಮಗಳೂ ನಮ್ಮ ಕಾಲೇಜಿಗೆ ಮೊದಲನೇ ಆಪ್ಷನ್ ಕೊಟ್ಟಿರ್ಲಿಲ್ಲ. ಅದೂ ಸಿಮೆಂಟ್‌ಗೆ. ಐಶು, ಬಾಯಿ ತೆಗಿ."

ಐಶ್ವರ್ಯಾ ಬಾಯಿ ತೆಗೆದಳು. ಪೇಡಕ್ಕಾಗಿ ಅಲ್ಲ. "ಮಾಮ, ನನಗೆ ಸಿಮೆಂಟ್ ಬೇಡ," ಎಂದು ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳುವ ಸದ್ದು ಕೇಳಿಸಿತು. ಶೈಲಜಮ್ಮನವರು ಪೇಡದ ಬಾಕ್ಸಿನ ಮುಚ್ಚಳ ಮುಚ್ಚಿ, ಗಂಡನ ಕಡೆ ಒಂದು ಸಲ ನೋಡಿ, ಅಡುಗೆಮನೆಗೆ ಹೋದರು. ಆ ನೋಟ ಏನು ಎಂಬುದು ಮದುವೆಯಾದವರಿಗೆ ಗೊತ್ತು.

ಮೇಷ್ಟ್ರು ಕೆಳಗಿಳಿದು ಬಂದು ವಿಷಯವನ್ನು ಬಿಡಿಸಿ ಹೇಳಿದರು. ಮೇಲಿನಿಂದ ನೋಡುತ್ತ ಬರುತ್ತಾರೆ, ಮೊದಲು ಯಾವುದು ಸಿಗುತ್ತದೋ ಅಲ್ಲಿಗೆ ನಿಲ್ಲಿಸುತ್ತಾರೆ, ನಲವತ್ತೊಂದನೆಯದರವರೆಗೆ ಯಾರೂ ಬರುವುದೇ ಇಲ್ಲ. ಇದು ಅವರಿಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಶೈಲಜಮ್ಮ ಕೇಳಿದಾಗ, ತಾವು ಅರ್ಜಿಯಲ್ಲಿ ಎತ್ತಿದ್ದ ವಿಷಯ ಅದಲ್ಲವಲ್ಲ ಎಂದರು.

ಪರಮಶಿವಯ್ಯ ಎರಡನೆಯ ಮುದ್ರಣದ ಕಾರ್ಡು ತೆಗೆದು ನಲವತ್ತೊಂದರವರೆಗೆ ಬೆರಳಿಟ್ಟು ಎಣಿಸಿದರು. ಆಮೇಲೆ, "ಹಾಗಾದ್ರೆ ಈಗ ಬಂದಿರೋದು ಪ್ರೂಫು," ಎಂದರು. "ತಿದ್ದಬಹುದು."

"ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ," ಎಂದರು ಮೇಷ್ಟ್ರು.

ತಿದ್ದುವುದು ಎಂದರೆ ಹೆಬ್ಬಾಳವನ್ನು ಮೇಲಕ್ಕೆ ತರುವುದು. ಹೆಬ್ಬಾಳ ಮೇಲಕ್ಕೆ ಬಂದರೆ ನಲವತ್ತು ಜನ ಒಂದೊಂದು ಮೆಟ್ಟಿಲು ಕೆಳಗಿಳಿಯಬೇಕು. ಅದೂ ಬಂಗಾರದ ಅಂಚಿನ ಕಾರ್ಡಿನಲ್ಲಿ ಅಚ್ಚಾಗಿ ಊರಿಗೆಲ್ಲ ಹಂಚಿದ ಮೇಲೆ. ಪರಮಶಿವಯ್ಯ ತಮ್ಮ ಜೀವನದಲ್ಲಿ ಹಿರಿಯರ ಹೆಸರನ್ನು ಮೇಲಕ್ಕೆ ಹತ್ತಿಸಿದ್ದರೇ ಹೊರತು ಒಬ್ಬರನ್ನೂ ಇಳಿಸಿದವರಲ್ಲ. ಆದರೂ ಶುಕ್ರವಾರ ಬೆಳಿಗ್ಗೆ ಎದ್ದು, ಶರಟು ಹಾಕಿಕೊಂಡು, ಅನುಮತಿ ಕೇಳಲು ಹೊರಟರು.

ಬಸವಪ್ರಭು ಸಿಮೆಂಟಿನ ಚೀಲಗಳ ನಡುವೆ ಕೂತಿದ್ದರು. ಮಾತು ಕೇಳಿ ಪೆನ್ನು ಕೆಳಗಿಟ್ಟರು. "ಮಠದ ಹೆಸರನ್ನ ಇಳಿಸೋದಾ ಭಾವ? ಕಮಿಟಿ ಆಫೀಸಲ್ಲಿ ನಿಮ್ಮ ಕಾರ್ಡಿಗೆ ಕಟ್ಟು ಹಾಕ್ಸಿದಾರೆ. ಸಿಮೆಂಟ್ ಬೇಡ ಅಂದ್ರೆ ಸಿವಿಲ್ ಮಾಡ್ಸೋಣ. ಕೊನೆಗೆ ಎಲ್ಲಾ ಒಂದೇ, ಗೋಡೆ."

"ಒಂದೇ ಒಂದು ಮೆಟ್ಲು ಪ್ರಭು. ಎರಡನೇದು. ನಿಮ್ಮದೇ ಎರಡನೇದು, ಬೇರೆ ಯಾರದೂ ಅಲ್ಲ."

ಬಸವಪ್ರಭು ಒಂದು ಲಾರಿ ಲೋಡು ಇಳಿಸುವಷ್ಟು ಹೊತ್ತು ಯೋಚಿಸಿ, "ಎರಡು ಅಂದ್ರೆ ಎರಡು," ಎಂದರು. "ಮೂರು ಅಂತ ನನ್ನ ಕಿವಿಗೆ ಬೀಳಬಾರ್ದು."

ಮಾವಳ್ಳಿಯಲ್ಲಿ ರಾಮಾಂಜಿನಪ್ಪನವರು ಹೇಳಿದ್ದು ಹೀಗೆ: "ಮಠ ಮೇಲಿದ್ರೆ ನಾನು ತಲೆ ಬಗ್ಗಿಸ್ತೀನಿ ಸ್ವಾಮಿ, ಗುರುಗಳು. ದನ ಮೇಲಿದ್ರೆ ಹೆಂಗೆ ಬಗ್ಗಿಸ್ಲಿ? ಆಯ್ತು, ನಿಮ್ ಹುಡುಗಿ ಮುಖ ನೋಡ್ಕಂಡು ಒಪ್ಕೋತೀನಿ. ಅದರ ಕೆಳಗೇನೆ ನಮ್ದಿರ್ಬೇಕು. ಎರಡ್ನೇದು." ಪರಮಶಿವಯ್ಯ ಆಗಲಿ ಎಂದರು. ಮನೆಗೆ ಬಂದರೆ ಮೇಷ್ಟ್ರು, ಇಷ್ಟೆಲ್ಲ ಗೊಂದಲವನ್ನು ಹೆಬ್ಬಾಳದ ಕೆಳಗಿನವುಗಳನ್ನು ಅಕಾರಾದಿಯಾಗಿ ಜೋಡಿಸುವುದರಿಂದ ತಪ್ಪಿಸಬಹುದೆಂದೂ, ಹಾಗೆ ಜೋಡಿಸಿದರೆ ತಮ್ಮ ಅಳಿಯನ ಕಾಲೇಜು ಎರಡನೆಯದಾಗುವುದು ಕೇವಲ ಆಕಸ್ಮಿಕವೆಂದೂ ಲಿಖಿತವಾಗಿ ತಿಳಿಸಿದರು. ಪರಮಶಿವಯ್ಯ ಅವರಿಗೂ ಆಗಲಿ ಎಂದರು. ಎಲ್ಲರಿಗೂ ಆಗಲಿ ಎಂದು ಹೇಳಿ ಆಮೇಲೆ ದುಂಡಗೆ ಜೋಡಿಸುವ ಅಭ್ಯಾಸ ಅವರಿಗೆ ಇತ್ತು. ಈ ವೆಬ್‌ಸೈಟಿನಲ್ಲಿ ದುಂಡಗೆ ಜೋಡಿಸಲು ಬರುವುದಿಲ್ಲ ಎಂಬುದು ಊಟಕ್ಕೆ ಕೂತಾಗ ಹೊಳೆಯಿತು. ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅಪ್ಪ, ಮಗಳು ಪ್ರೆಸ್ಸಿಗೆ ಬಂದರು. ಅವರ ಹಿಂದೆಯೇ ಬಸವಪ್ರಭು ಬಂದರು, ಒಂದು ಕಣ್ಣು ಹಾಕೋಣ ಎಂದು. ಅವರ ಹಿಂದೆ ಮೇಷ್ಟ್ರು ಬಂದರು. ಹತ್ತು ಗಂಟೆಗೆ ರಾಮಾಂಜಿನಪ್ಪನವರ ಕಾರು ಬಂದು ನಿಂತಿತು. ಮೂವರೂ ಗಿರಾಕಿಗಳ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತರು. ಪ್ರಸನ್ನ ವೆಬ್‌ಸೈಟು ತೆರೆದು, ಹೆಬ್ಬಾಳವನ್ನು ಒಂದಕ್ಕೆ ತಂದು, "ಎರಡನೇದು ಯಾವುದು ಸಾರ್?" ಎಂದು ಕೇಳಿದ.

"ನಮ್ದು," ಎಂದು ಬೆಂಚಿನ ಮೇಲಿನಿಂದ ಮೂರು ದನಿ ಬಂತು.

ಆಮೇಲೆ ನಡೆದ ಚರ್ಚೆಯಲ್ಲಿ ಮಠ ಮೊದಲೋ ಮಣ್ಣು ಮೊದಲೋ ಎಂಬ ಪ್ರಶ್ನೆ ಬಂತು. ರಾಗಿ ಇಲ್ಲದೆ ಮಠದ ದಾಸೋಹ ನಡೆಯುತ್ತಿತ್ತೇ ಎಂದು ರಾಮಾಂಜಿನಪ್ಪ ಕೇಳಿದರು. ಸಿಮೆಂಟಿಲ್ಲದೆ ನಿಮ್ಮ ಹೊಲದಲ್ಲಿ ಕಾಲೇಜು ಏಳುತ್ತಿತ್ತೇ ಎಂದು ಬಸವಪ್ರಭು ಕೇಳಿದರು. ಇಬ್ಬರೂ ವಿಷಯಾಂತರ ಮಾಡುತ್ತಿದ್ದಾರೆ ಎಂದು ಮೇಷ್ಟ್ರು ಒಂದು ಚೀಟಿ ಬರೆದುಕೊಟ್ಟರು. ಗಡಿಯಾರ ಹತ್ತು ಇಪ್ಪತ್ತೈದು ತೋರಿಸುತ್ತಿತ್ತು.

"ಅಪ್ಪ," ಎಂದಳು ಐಶ್ವರ್ಯಾ. "ಒಂದು ಮಾತು."

ಪರಮಶಿವಯ್ಯ ಅವಳ ಕಡೆ ತಿರುಗಿದರು. ಒಂದು ವಾರದಿಂದ ಮಗಳ ಮುಖವನ್ನು ನೇರವಾಗಿ ನೋಡಿರಲಿಲ್ಲ. ಕಣ್ಣು ಮತ್ತೆ ಕೆಂಪಾಗಿತ್ತು. ಆದರೆ ಇದು ಮದ್ರಾಸ್ ಐ ಅಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

"ನಾನು ಈ ಎರಡು ವರ್ಷ ಯಾರತ್ರನೂ ಏನೂ ಕೇಳಿಲ್ಲ. ಟೂರ್‌ಗೆ ಹೋಗಿಲ್ಲ, ಹಂಸತ್ತೆ ಮಗಳ ಮದುವೇಲಿ ಊಟ ಮಾಡಿ ಓಡಿ ಬಂದಿದೀನಿ. ಈ ಐದು ಸಾಲಿಗೋಸ್ಕರ. ಇವರೆಲ್ಲಾ ಹನ್ನೊಂದು ಗಂಟೆಗೆ ಎದ್ದು ಮನೆಗೆ ಹೋಗ್ತಾರೆ. ಐದು ವರ್ಷ ಕಾಲೇಜಿಗೆ ಹೋಗೋದು ನಾನು. ನಂಗೆ ಭಯ ಆಗ್ತಿದೆ ಅಪ್ಪ."

ಅವಳು ದನಿ ಎತ್ತಲಿಲ್ಲ. ಬೆಂಚಿನ ಮೇಲಿನವರಿಗೆ ಕೇಳಿಸಲೂ ಇಲ್ಲ, ಅವರು ಆಗ ಬಸವಣ್ಣನವರ ಕಾಲದ ಭೂದಾಖಲೆಗಳ ಹತ್ತಿರ ಇದ್ದರು. ಪರಮಶಿವಯ್ಯನವರಿಗೆ ಮಾತ್ರ ಕೇಳಿಸಿತು. ಊರಿನವರ ಹೆಸರನ್ನೆಲ್ಲ ಜೋಡಿಸುವ ಭರದಲ್ಲಿ ನನ್ನ ಮಗುವಿನ ಮಾತಿಗೇ ಜಾಗವಿಲ್ಲದ ಹಾಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

"ಪ್ರಸನ್ನ," ಎಂದರು. "ಇವರು ಮೂವರನ್ನೂ ಮೂಲೆ ಹೋಟ್ಲಿಗೆ ಕರ್ಕೊಂಡ್ಹೋಗಿ ದೋಸೆ ಕೊಡ್ಸು. ಎರಡನೇದು ಯಾವುದು ಅಂತ ಅಲ್ಲೇ ತೀರ್ಮಾನ ಆಗ್ಲಿ. ಅವಸರ ಮಾಡ್ಬೇಡ. ಒಂದೊಂದು ಖಾಲಿ ದೋಸೆ ಕೂಡ ತಗೊಳ್ಲಿ."

ಶನಿವಾರ ಬೆಳಗಿನ ಹತ್ತೂವರೆಗೆ ಆ ಹೋಟೆಲಿನಲ್ಲಿ ಜಾಗ ಸಿಗುವುದಕ್ಕೇ ಕಾಲು ಗಂಟೆ ಬೇಕು. ಇದು ಚಾಮರಾಜಪೇ‌ಟೆಯವರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ದೋಸೆ ಬೇಡ ಎನ್ನುವುದಿಲ್ಲ.

ಅವರು ಹೋದ ಮೇಲೆ ಪರಮಶಿವಯ್ಯ ಪ್ರಸನ್ನನ ಕುರ್ಚಿಯಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, ಮೌಸು ಹಿಡಿದರು. ಮೊದಲು ಮಠದ ಕಾಲೇಜಿನ ಮೇಲೆ ಒತ್ತಿದರು. ಈ ಆಪ್ಷನ್ ತೆಗೆದುಹಾಕುವುದು ಖಚಿತವೇ ಎಂದು ಕಂಪ್ಯೂಟರು ಕೇಳಿತು. ಅವರು ಕಣ್ಣುಮುಚ್ಚಿ ಕೈಮುಗಿದು, "ತಪ್ಪಾಯ್ತು ಗುರುವೇ," ಎಂದು, ಹೌದು ಎಂಬುದನ್ನು ಒತ್ತಿದರು. ಮೇಲಿನಿಂದ ಏನೂ ಬೀಳಲಿಲ್ಲ. ಆಮೇಲೆ ರಾಮಾಂಜಿನಪ್ಪನವರ ಹೊಲ ಹೋಯಿತು, ಮೇಷ್ಟ್ರ ಅಳಿಯ ಹೋದರು, ಹಂಸಕ್ಕನ ಕಡೆಯ ಹನ್ನೊಂದೂ ಒಂದೊಂದಾಗಿ ಹೋದವು. ಪ್ರತಿಯೊಂದಕ್ಕೂ ಕಂಪ್ಯೂಟರು ಖಚಿತವೇ ಎಂದು ಕೇಳಿತು. ಐವತ್ತೊಂಬತ್ತು ಸಲ. ಮದುವೆಯ ದಿನ ಕೂಡ ಅವರನ್ನು ಯಾರೂ ಇಷ್ಟು ಸಲ ಕೇಳಿರಲಿಲ್ಲ. ಮೊದಮೊದಲು ಪ್ರತಿ ಹೆಸರಿಗೂ ಕೈಮುಗಿಯುತ್ತಿದ್ದರು, ಮೂವತ್ತರ ಹೊತ್ತಿಗೆ ಅಭ್ಯಾಸವಾಯಿತು, ನಲವತ್ತೈದು ದಾಟಿದ ಮೇಲೆ ಒಂದು ಥರ ಹಿತವೂ ಆಗತೊಡಗಿತು. ಇದನ್ನು ಅವರು ಯಾರಿಗೂ ಹೇಳಿಲ್ಲ.

ಕೊನೆಗೆ ಐದು ಸಾಲು ಉಳಿಯಿತು. ಮಗಳು ಹೇಳಿದ ಕ್ರಮದಲ್ಲೇ ಇದೆಯೇ ಎಂದು ಅವಳಿಂದ ಎರಡು ಸಲ ಓದಿಸಿ ಸೇವ್ ಮಾಡಿದರು. ಹತ್ತು ಐವತ್ತಾರು.

ಹನ್ನೊಂದೂ ಹತ್ತಕ್ಕೆ ಬೆಂಚಿನವರು ಹಿಂದಿರುಗಿದರು. ತೀರ್ಮಾನವಾಗಿರಲಿಲ್ಲ. "ಟೈಮ್ ಆಗ್ಹೋಯ್ತು, ಮುಗಿಸ್ಬಿಟ್ಟೆ," ಎಂದರು ಪರಮಶಿವಯ್ಯ. ಮೂವರೂ ಒಬ್ಬೊಬ್ಬರಾಗಿ ಅವರ ಮುಖ ನೋಡಿ, ಎರಡನೆಯದು ತಮ್ಮದೇ ಎಂದು ಮನಸ್ಸಿನಲ್ಲೇ ಅಂದುಕೊಂಡು, ಉಳಿದಿಬ್ಬರ ಮೇಲೆ ಕನಿಕರಪಡುತ್ತ ಮನೆಗೆ ಹೋದರು.

ನಿಜವಾದ ಹಂಚಿಕೆ ಹತ್ತು ದಿನದ ನಂತರ ಬಂತು. ಹೆಬ್ಬಾಳವೇ ಸಿಕ್ಕಿತು. ಐಶ್ವರ್ಯಾ ಗಲ್ಲಿಗೆ ಓಡಿಹೋಗಿ ಅಂಜಮ್ಮನನ್ನು ತಬ್ಬಿಕೊಂಡು ಬಂದಳು. ಶೈಲಜಮ್ಮ ಎರಡು ವಾರದಿಂದ ಮೊದಲ ಬಾರಿಗೆ ಗಂಡನ ತಟ್ಟೆಗೆ ತುಪ್ಪ ಬಡಿಸಿದರು. ಸಾಯಂಕಾಲ ಎಲ್ಲರೂ ಮನೆಗೆ ಬಂದರು. ಸ್ವೀಟು ಹಂಚಿದ್ದಾಯಿತು, ಹುಡುಗಿಗೆ ಆಶೀರ್ವಾದ ಮಾಡಿದ್ದಾಯಿತು. ಆಮೇಲೆ ಬಸವಪ್ರಭು ಕಾಲ ಮೇಲೆ ಕಾಲು ಹಾಕಿಕೊಂಡು, "ಎರಡನೇದು ನಮ್ಮದಿತ್ತು, ಆದ್ರೂ ನಾವು ಹಟ ಮಾಡ್ಲಿಲ್ಲ," ಎಂದರು.

"ನಿಮ್ದೆಲ್ಲಿ? ನಮ್ದು," ಎಂದರು ರಾಮಾಂಜಿನಪ್ಪ. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು.

ಮೂವರೂ ಪರಮಶಿವಯ್ಯನವರ ಕಡೆ ತಿರುಗಿದರು. ಶೈಲಜಮ್ಮ ಕಾಫಿಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

"ಪ್ರಭು, ನಿಮ್ಮದು ಇರ್ಲಿಲ್ಲ," ಎಂದರು ಪರಮಶಿವಯ್ಯ. "ತೆಗೆದ್ಬಿಟ್ಟೆ."

"ತೆಗೆದ್ರಾ?"

"ತೆಗೆದೆ. ನನ್ನ ಮಗಳ ಪಟ್ಟಿ ಅದು."

ಸೋಫಾದ ಮೇಲೆ ಬಸವಪ್ರಭುಗಳ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತು. ರಾಮಾಂಜಿನಪ್ಪನವರು ಗೆಲುವಿನಿಂದ ಒಂದು ಮೈಸೂರುಪಾಕು ತೆಗೆದುಕೊಂಡು, "ಹಂಗಾದ್ರೆ ನಮ್ದೇ ಅಂತಾಯ್ತು," ಎಂದರು.

"ನಿಮ್ಮದೂ ಇಲ್ಲ. ಮೇಷ್ಟ್ರದೂ ಇಲ್ಲ. ನಮ್ಮಕ್ಕಂದೂ ಇಲ್ಲ. ಐವತ್ತೊಂಬತ್ತೂ ನಾನೇ ತೆಗೆದೆ."

ಬಸವಪ್ರಭು ಮೇಲಿದ್ದ ಕಾಲನ್ನು ಕೆಳಗಿಳಿಸಿದರು. ಮೂವತ್ತೆಂಟು ವರ್ಷದ ಹೆಸರು ಈ ಹೊತ್ತಿಗೆ ಹೋಯಿತು, ಇನ್ನು ಮೂವರೂ ಎದ್ದು ಚಪ್ಪಲಿ ಹುಡುಕುತ್ತಾರೆ ಎಂದು ಪರಮಶಿವಯ್ಯ ಕಾದರು. ಹೋದರೆ ಹೋಗಲಿ ಎಂದೂ ಅನ್ನಿಸಿತು. ರಾಮಾಂಜಿನಪ್ಪನವರು ಮೈಸೂರುಪಾಕನ್ನು ಕೈಯಲ್ಲೇ ಹಿಡಿದು, ಬಸವಪ್ರಭುಗಳನ್ನು ತೋರಿಸಿ, "ಇವರ್ದೂ ಇರ್ಲಿಲ್ವಾ?" ಎಂದು ಕೇಳಿದರು.

"ಇರ್ಲಿಲ್ಲ."

"ಖಂಡಿತ?"

"ಖಂಡಿತ."

"ಹಂಗಾದ್ರೆ ಬೇಜಾರಿಲ್ಲ ಬಿಡಿ," ಎಂದು ಅವರು ಅದನ್ನು ಬಾಯಿಗೆ ಹಾಕಿಕೊಂಡರು. ಯಾರದೂ ಇಲ್ಲ ಎಂದ ಮೇಲೆ ಮಠದ್ದು ಯಾರ ಕೆಳಗೂ ಬರಲಿಲ್ಲ ಎಂದೇ ಅರ್ಥ ಎಂದು ಬಸವಪ್ರಭು ಹೇಳಿದರು. ಮೇಷ್ಟ್ರು ಸ್ವಲ್ಪ ಲೆಕ್ಕ ಹಾಕಿ, ಇದು ತರ್ಕಬದ್ಧವಾಗಿದೆ ಎಂದು ಬಾಯಲ್ಲೇ ಹೇಳಿ ಪೆನ್ನು ಒಳಗಿಟ್ಟರು. ಶೈಲಜಮ್ಮ ಕಾಫಿ ಕೊಟ್ಟರು.

ಕಾಫಿ ಅರ್ಧವಾದಾಗ ರಾಮಾಂಜಿನಪ್ಪನವರು ದನಿ ತಗ್ಗಿಸಿ, "ಅಮ್ಮಣ್ಣಿ, ನಮ್ಮನೆ ನಾಯಿ ಯಾಕೋ ಒಂದೇ ಸಮ ಕಿವಿ ಕೆರ್ಕೋತಾ ಇದೆ. ಸ್ವಲ್ಪ ಹೇಳ್ತೀಯಾ?" ಎಂದರು.

"ಇನ್ನೂ ಅಡ್ಮಿಷನ್ನೇ ಆಗಿಲ್ಲ ಅಂಕಲ್," ಎಂದಳು ಐಶ್ವರ್ಯಾ.

"ಐಶು, ಗೋಡೌನಲ್ಲಿ ಒಂದು ಬೆಕ್ಕು ನಿನ್ನೆಯಿಂದ ಮರಿ ಹಾಕೋಕೆ ಒದ್ದಾಡ್ತಿದೆ," ಎಂದರು ಬಸವಪ್ರಭು. "ಮೊದಲು ನಮ್ದು ನೋಡು."

"ಮೊದ್ಲು ಕೇಳಿದ್ದು ನಾನು."

"ನಾನು ಸೋದರಮಾವ."

ಮೇಷ್ಟ್ರು ಸಾಕಿದ ಗಿಳಿಗೂ ಏನೋ ಆಗಿತ್ತು. ಅವರು ಮತ್ತೆ ಪೆನ್ನು ತೆಗೆದರು. ಪರಮಶಿವಯ್ಯನವರ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಸೋದರಮಾವ ಮೊದಲು, ಆಮೇಲೆ ಸ್ನೇಹಿತರು, ಆಮೇಲೆ ಬಾಡಿಗೆಯವರು. ಆದರೆ ಮಗಳು ಅವರಿಗಿಂತ ಮೊದಲೇ ಮಾತಾಡಿದಳು.

"ಯಾರು ದೊಡ್ಡೋರು, ಯಾರು ಮೊದಲು ಕೇಳಿದ್ದು ಅಂತ ಇಲ್ಲ. ಯಾವುದಕ್ಕೆ ಕಷ್ಟ ಜಾಸ್ತಿ ಇದೆಯೋ ಅದು ಮೊದಲು. ಬೆಕ್ಕು ನಾಳೆವರೆಗೂ ತಡೆಯಲ್ಲ ಮಾಮ, ಈಗಲೇ ಡಾಕ್ಟ್ರ ಹತ್ರ ಹೋಗ್ಬೇಕು. ನಡೀರಿ, ನಾನೂ ಬರ್ತೀನಿ. ನಾಯಿ, ಗಿಳಿ ಬಂದ್ಮೇಲೆ ಕೇಳ್ತೀನಿ."

ಹಾಗೆ ಹೇಳಿ ಒಂದು ಹಳೆಯ ಟವೆಲು ತೆಗೆದುಕೊಂಡು ಹೊರಟೇಬಿಟ್ಟಳು. ಬಸವಪ್ರಭು ಕಾಫಿ ಬಿಟ್ಟು ಅವಳ ಹಿಂದೆ ಓಡಿದರು. ಉಳಿದಿಬ್ಬರೂ ತಮ್ಮ ಸರದಿ ಕಾಯುತ್ತ ಕೂತರು. ಲೋಕದಲ್ಲಿ ಇಂಥದೂ ಒಂದು ಕ್ರಮವಿದೆ ಎಂಬುದು ಪರಮಶಿವಯ್ಯನವರಿಗೆ ಐವತ್ತೊಂಬತ್ತು ವರ್ಷವಾದರೂ ಗೊತ್ತಿರಲಿಲ್ಲ. ಅವರು ಎದ್ದು, ಬಾಗಿಲಿಗೆ ಹೋಗಿ, ಮಗಳು ಆಟೋ ಹತ್ತುವವರೆಗೂ ನೋಡುತ್ತ ನಿಂತರು.